ತಳಿ ಸುಧಾರಕರ ಹುಂಜ

ಸೋಲೂರಿನ ನಮ್ಮ ಪಕ್ಕದ ಮನೆಯವರು ಹಿತ್ತಲಿನ ನಾಟಿಕೋಳಿಗಳ ತಳಿ ಸುಧಾರಿಸುತ್ತಿದ್ದರು. ಮಾಂಸ ಹೆಚ್ಚಬೇಕು, ಮೊಟ್ಟೆ ದಪ್ಪಗಾಗಬೇಕು. ಕಂಡ ಕೋಳಿಯನ್ನೆಲ್ಲ ಅಂಗೈಯಲ್ಲಿ ತೂಗಿ, "ತಳಿ ಮುಖ್ಯ ಕಣಪ್ಪಾ" ಎನ್ನುತ್ತಿದ್ದರು. ಕೋಳಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದ್ದವು. ಅಳಿಯ ಬಂದರೆ ಕೊಬ್ಬಿದ ಹುಂಜವನ್ನೇ ಕೊಯ್ಯಬೇಕಲ್ಲ! ಮರಿ ಮಾಡಿಸಲು ಉಳಿಯುತ್ತಿದ್ದುದು ಸಾರಿಗೂ ಬೇಡವಾದ ಪೀಚು ಹುಂಜ.

ಕೊನೆಗೆ ಅವರು ಕಬ್ಬಾಳಮ್ಮನಿಗೆ ಹರಕೆ ಹೊತ್ತರು: ಒಳ್ಳೆಯ ತಳಿಯ ಹುಂಜ ಹುಟ್ಟಿದರೆ ಅದನ್ನೇ ಒಪ್ಪಿಸುತ್ತೇನೆ. ಹುಟ್ಟಿಯೇಬಿಟ್ಟಿತು. ಬೆಳೆದಾಗ ನನ್ನ ಮೊಣಕಾಲೆತ್ತರ ಇತ್ತೆಂದು ನೆನಪು. ಆ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

"ಸ್ವಲ್ಪ ದಿನ ಹೇಟೆಗಳ ಜೊತೆ ಬಿಡಿ, ಮರಿಯಾದ ಮೇಲೆ ಒಪ್ಪಿಸಿ" ಎಂದೆ.

"ಅಮ್ಮನ್ನ ಕಾಯಿಸಕ್ಕಾಯ್ತದಾ? ಮುನಿಸ್ಕಂಡ್ಬುಟ್ರೆ? ನೀನು ಒಸಿ ಜಾಸ್ತಿನೇ ಓದ್ಬುಟ್ಟಿದ್ದೀಯ" ಎಂದರು.

ಅವರ ಹೆಂಡತಿ ಒಳಗಿನಿಂದಲೇ ಗಂಡನಿಗೆ, "ಅಮ್ಮ ಕೊಟ್ಟಿದ್ ತಳೀನ ಸಾರು ಮಾಡ್ಕಂಡು ಉಣ್ಣೋನು ನೀನೊಬ್ನೇ ಕಣಯ್ಯಾ" ಎಂದು ಕೂಗಿದರು.

ಕಬ್ಬಾಳಿನಲ್ಲಿ ಹರಕೆ ತೀರಿತು. ಮರದಡಿ ಊಟಕ್ಕೆ ಕೂತಾಗ ಅವರು ನನ್ನ ಮುದ್ದೆಯ ಪಕ್ಕಕ್ಕೆ ದೊಡ್ಡದೊಂದು ತೊಡೆಯ ತುಂಡು ಬಡಿಸಿ, "ನೋಡ್ದಾ? ತಳಿ ಮುಖ್ಯ ಕಣಪ್ಪಾ" ಎಂದರು.

ಅದರ ರುಚಿ ಮಾತ್ರ ನನಗೆ ಚೆನ್ನಾಗಿ ನೆನಪಿದೆ.