ಎಂಟೂವರೆ ಗಂಟೆ ಎಂಬ ಸುಳ್ಳು

‘ಫ್ಲೈಟ್ ಲೇಟಾಯಿತು, ಮಗನಿಗೆ ತಾಯಿಯ ಮುಖ ನೋಡಲು ಸಿಗಲಿಲ್ಲ.’ ಶಿವಾಜಿನಗರದ ಆ ಗಲ್ಲಿಯಲ್ಲಿ ಇವತ್ತಿಗೂ ಹೀಗೇ ಹೇಳುತ್ತಾರೆ. ಎಷ್ಟು ಲೇಟು? ಯಾರು ನೋಡಿದರು? ಕೇಳಿದರೆ ಉತ್ತರವಿಲ್ಲ. ಉತ್ತರ ನನ್ನ ಬಳಿ ಇದೆ: ಆ ವಿಮಾನ ಒಂದು ನಿಮಿಷವೂ ತಡವಾಗಲಿಲ್ಲ.

ಎರಡು ವರ್ಷದ ಹಿಂದೆ ನಾನು ಅಲ್ಲಿಯ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟಿಂಗ್ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ಹಿಂದಿನ ಬೀದಿಯ ನಸ್ರೀನ್ ಆಪಾ ಬಂದರು. ಅವರ ತಾಯಿ ಆಗಷ್ಟೇ ತೀರಿಕೊಂಡಿದ್ದರು. ಅವರ ತಮ್ಮ ಇಮ್ತಿಯಾಜ್ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಮೆಕ್ಯಾನಿಕ್.

“ಅವ್ನು ಎಷ್ಟೊತ್ತಿಗೆ ಬರ್ತಾನೆ ಹೇಳಿ ಸಾಬ್. ಮಯ್ಯತ್ ಜಾಸ್ತಿ ಹೊತ್ತು ಇಡಲ್ಲ ನಮ್ಮಲ್ಲಿ. ಟೈಮ್ ಗೊತ್ತಾದ್ರೆ ದೊಡ್ಡೋರು ಕಾಯ್ತಾರೆ.”

ಮಾಲೀಕರಾದ ಸತೀಶ್ ಸರ್ ಎರಡು ಊರುಗಳ ಹೆಸರು ಗೂಗಲಿಗೆ ಹಾಕಿದರು. ಸುಮಾರು ಆರು ಸಾವಿರದ ಒಂಬೈನೂರು ಕಿಲೋಮೀಟರ್, ಎಂಟೂವರೆ ಗಂಟೆ ಎಂದು ಬಂತು. ಅದು ಭೂಪಟದ ಮೇಲೆ ನೇರ ಗೆರೆ ಎಳೆದು, ವಿಮಾನದ ವೇಗದಿಂದ ಭಾಗಿಸಿ ತೆಗೆದ ಲೆಕ್ಕ. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ.

“ಎಂಟೂವರೆ ಗಂಟೆ ಜರ್ನಿ ಅಮ್ಮಾ,” ಎಂದರು.

“ಸರ್, ಡೈರೆಕ್ಟ್ ಫ್ಲೈಟೇ ಇಲ್ವಲ್ಲ,” ಎಂದೆ.

“ನಿನ್ ಡಿಬೇಟು ಕಾಲೇಜಲ್ಲಿಟ್ಕೋ ಗುರು. ಮೊದ್ಲು ಟಿಕೆಟ್ ಆಗ್ಲಿ.”

ಕಾಲೇಜಿನಲ್ಲಿ ಡಿಬೇಟ್ ಕಪ್ಪುಗಳನ್ನು ಗೆದ್ದ ನಾನು ಒಂದು ಗದರಿಕೆಗೆ ಬಾಯಿ ಮುಚ್ಚಿಕೊಂಡೆ. ಅದಕ್ಕೇ ನನ್ನ ಸಿಟ್ಟು ನನ್ನ ಮೇಲೂ ಇದೆ.

ಟಿಕೆಟನ್ನು ಸತೀಶ್ ಸರ್ ತಾವೇ ಮಾಡಿದರು. ನಮ್ಮ ಗಡಿಯಾರದ ಪ್ರಕಾರ ಸಂಜೆ ಐದೂವರೆಗೆ ಹೊರಟು, ಗಲ್ಫಿನಲ್ಲಿ ನಾಲ್ಕು ಗಂಟೆ ಕಾದು, ಬೇರೆ ವಿಮಾನ ಹತ್ತಿ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಇಳಿಯುವುದು. ಒಟ್ಟು ಹದಿನಾರು ಗಂಟೆ. ಏಜೆನ್ಸಿಯ ರೂಢಿಯಂತೆ ಟಿಕೆಟ್ ಪ್ರಯಾಣಿಕನ ಫೋನಿಗೆ ಮಾತ್ರ ಹೋಯಿತು. ಸಮಯ ಅಕ್ಕನಿಗೆ ತಿಳಿದೇ ಇರುತ್ತದೆಂದುಕೊಂಡ ಇಮ್ತಿಯಾಜ್ “ಹೊರಟೆ” ಎಂದಷ್ಟೇ ಮೆಸೇಜ್ ಹಾಕಿದ. ಮನೆಯವರು ಮೆಸೇಜ್ ಬಂದ ಐದೂವರೆಗೆ ಎಂಟೂವರೆ ಕೂಡಿಸಿ, ರಾತ್ರಿ ಎರಡಕ್ಕೆ ಇಳಿಯುತ್ತಾನೆಂದು, ಬೆಳಗಿನ ಫಜರ್ ನಮಾಜಿನ ನಂತರ ದಫನ್ ಮಾಡಿ ಮಣ್ಣು ಕೊಡುವುದೆಂದು ನಿಶ್ಚಯಿಸಿದರು.

ಬೆಳಗಾದರೂ ಮಗ ಬರಲಿಲ್ಲ. ಫೋನ್ ಸ್ವಿಚ್ ಆಫ್; ಅವನ ಆಫ್ರಿಕಾದ ಸಿಮ್ ದಾರಿಯಲ್ಲಿ ನಡೆಯುತ್ತಿರಲಿಲ್ಲವಂತೆ. ಅಷ್ಟು ಬೆಳಿಗ್ಗೆ ನಮ್ಮ ಆಫೀಸಿಗೆ ಬೀಗ. ಫ್ಲೈಟ್ ಲೇಟಿರಬೇಕು, ಎಷ್ಟು ಹೊತ್ತೋ ತಿಳಿಯದು ಎಂದು ಹಿರಿಯರು ಜನಾಜಾದ ಮಂಚ ಎತ್ತಿದರು. ಇಮ್ತಿಯಾಜ್ ಹನ್ನೊಂದೂವರೆಗೆ ಬ್ಯಾಗ್ ಸಮೇತ ಗಲ್ಲಿಗೆ ಬಂದಾಗ ದಫನ್ ಮುಗಿದು ಚಾಪೆ ಮಡಿಸುತ್ತಿದ್ದರಂತೆ.

ಮರುದಿನ ಅಕ್ಕ ತಮ್ಮ ಇಬ್ಬರೂ ಆಫೀಸಿಗೆ ಬಂದರು.

“ಫ್ಲೈಟ್ ಲೇಟಾದ್ರೆ ನಾವೇನ್ ಮಾಡೋಕಾಗುತ್ತೆ?” ಎಂದರು ಸತೀಶ್ ಸರ್.

“ಲೇಟಿಲ್ಲ ಸಾಬ್. ಹತ್ ನಿಮಿಷ ಮುಂಚೇನೇ ಇಳೀತು,” ಎಂದ ಇಮ್ತಿಯಾಜ್. ದನಿ ಏರಿಸಲಿಲ್ಲ.

ನಸ್ರೀನ್ ಆಪಾ ನನ್ನ ಕಡೆ ತಿರುಗಿದರು. “ಮಧ್ಯಾಹ್ನ ಜೊಹರ್ ನಮಾಜ್‌ವರೆಗೂ ಇಡ್ತಿದ್ವಿ. ಅಮ್ಮೀ ತಮ್ಮ, ನಮ್ ಮಾಮೂನೇ ಹೇಳಿದ್ರು, ಟೈಮ್ ಗೊತ್ತಿದ್ರೆ ಕಾಯ್ತಿದ್ವಿ ಅಂತ.”

ಆ ತಿಂಗಳೇ ಕೆಲಸ ಬಿಟ್ಟೆ. ಈಗ ಇಂದಿರಾನಗರದ ಬೇರೊಂದು ಆಫೀಸಿನಲ್ಲಿದ್ದೇನೆ. ಯಾರಾದರೂ ಎಷ್ಟು ದೂರ ಎಂದರೆ ಕಿಲೋಮೀಟರ್ ಹೇಳುವುದಿಲ್ಲ. ಯಾರು ಕಾಯುತ್ತಿದ್ದಾರೆ ಎಂದು ಕೇಳಿ, ಮನೆ ಬಾಗಿಲು ತಲುಪುವ ಹೊತ್ತನ್ನು ನಮ್ಮ ಗಡಿಯಾರದ ಲೆಕ್ಕದಲ್ಲಿ ಬರೆದು, ಕಾಯುವವರ ಫೋನಿಗೆ ಕಳಿಸುತ್ತೇನೆ. ಎರಡು ನಿಮಿಷದ ಕೆಲಸ.

ಸತೀಶ್ ಸರ್, ಟಿಕೆಟ್ ಮಾಡುವಾಗ ಒಂಬತ್ತೂವರೆ ನಿಮ್ಮ ಸ್ಕ್ರೀನಿನ ಮೇಲೇ ಇತ್ತು. ನಸ್ರೀನ್ ಆಪಾರ ನಂಬರೂ ಇತ್ತು. ಇಡೀ ಸಂಜೆಯೂ ಇತ್ತು. ಯಾಕೆ ಫೋನ್ ಮಾಡಲಿಲ್ಲ?