ಸರಪಳಿ ಅಧ್ಯಕ್ಷ

ನನ್ನ ಹೊಲಿಗೆ ಅಂಗಡಿಗೂ ಅವನ ಕ್ಷೌರದಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಹಾಗಾಗಿ ನಮ್ಮ ಪುರಸಭೆಯ ಅಧ್ಯಕ್ಷನಾದ ಅವನ ಬಗ್ಗೆ ಬೇರೆಯವರು ಹೇಳುವುದೆಲ್ಲ ಅಂತೆಕಂತೆ, ನಾನು ಹೇಳುವುದು ಕಿವಿಯಾರೆ ಕೇಳಿದ್ದು.

ಊರು ಅವನನ್ನು ಕತ್ತರಿ ಎಂದೇ ಕರೆಯುತ್ತಿತ್ತು. ಎದುರಿಗೂ ಹಾಗೇ ಕರೆಯುತ್ತಿತ್ತು, ಅವನಿಗೆ ಬೇಜಾರಿರಲಿಲ್ಲ. ಅವನು ಅಧ್ಯಕ್ಷನಾದದ್ದು ಯಾವ ಹೋರಾಟ ಮಾಡಿಯೂ ಅಲ್ಲ. ಮಂಜುಗಡ್ಡೆ ಕಾರ್ಖಾನೆಯ ಮಾಲೀಕನಿಗೂ ನಿವೃತ್ತ ಮೇಷ್ಟರಿಗೂ ಆ ಕುರ್ಚಿಯ ಮೇಲೆ ಕಣ್ಣಿತ್ತು. ಒಬ್ಬರಿಗೆ ಸಿಕ್ಕಿದರೆ ಇನ್ನೊಬ್ಬರು ಸುಮ್ಮನಿರುವ ಪೈಕಿ ಅಲ್ಲ. ಕೊನೆಗೆ ಇಬ್ಬರ ಗಡ್ಡವನ್ನೂ ಬೋಳಿಸುವವನೇ ಆಗಲಿ ಎಂದು ಸದಸ್ಯರೆಲ್ಲ ಸೇರಿ ಕತ್ತರಿಯನ್ನು ಮೇಲೆ ಕೂರಿಸಿದರು. ಯಾರ ಮಾತಿಗೂ ಇಲ್ಲ ಅನ್ನದ ಮನುಷ್ಯ. ಕನ್ನಡಿಯ ಮುಂದೆ ಕೂತವನು ಹಗಲನ್ನು ರಾತ್ರಿ ಅಂದರೂ "ಹೌದಲ್ವಾ" ಅನ್ನುವುದು ಆ ಕಸುಬಿನ ಗುಣ. ಕತ್ತಿ ಗಂಟಲ ಮೇಲಿರುವಾಗ ವಾದಕ್ಕಿಳಿಯಬಾರದು, ಗಿರಾಕಿ ಅಲ್ಲಾಡಿಬಿಡುತ್ತಾನೆ. ಮೂವತ್ತು ವರ್ಷ ಹೀಗೆ ಹೌದು ಹೌದು ಅಂದವನ ಕೈಗೆ ನಾವು ಊರು ಕೊಟ್ಟೆವು.

ಊರಿನ ಜೊತೆಗೆ ಒಂದು ಕೀಲಿಯೂ ಬಂತು. ನಮ್ಮ ಬಂದರಿನ ಬಾಯಿ ಕಿರಿದು. ಎರಡು ಕಲ್ಲುಗೋಡೆಗಳ ನಡುವೆ ಒಂದು ದೋಣಿ ಹೋಗಿ ಒಂದು ಬರುವಷ್ಟು ಜಾಗ. ಹವಾಮಾನ ಕೆಡುವ ಸೂಚನೆ ಸಿಕ್ಕರೆ, ದೋಣಿಗಳೆಲ್ಲ ಒಳಗಿರುವಾಗಲೇ ಆ ಬಾಯಿಗೆ ಅಡ್ಡ ಕಬ್ಬಿಣದ ಸರಪಳಿ ಎಳೆದು ಬೀಗ ಹಾಕುತ್ತಾರೆ. ಆಮೇಲೆ ಯಾರಪ್ಪ ಬಂದರೂ ದೋಣಿ ಹೊರಗೆ ಹೋಗುವಂತಿಲ್ಲ. ಹಾಕಬೇಕೋ ಬೇಡವೋ ಅನ್ನುವುದು ಹಿಂದಿನಿಂದಲೂ ಅಧ್ಯಕ್ಷನೊಬ್ಬನಿಗೆ ಬಿಟ್ಟ ವಿಷಯ. ಹವಾಮಾನ ಕಚೇರಿಯವರು ಫೋನ್ ಮಾಡಿ ಗಾಳಿ ಬರಬಹುದು ಅನ್ನುತ್ತಾರೆ, ಅಷ್ಟೆ. ಬಂದೇ ಬರುತ್ತದೆ ಅಂತ ಅವರು ಹುಟ್ಟಿದಾಗಿನಿಂದ ಹೇಳಿದ್ದಿಲ್ಲ.

ಅಧಿಕಾರದ ಹೊಸತರಲ್ಲೇ ಅಂಥದೊಂದು ಫೋನ್ ಬಂತು. ಕತ್ತರಿ ಹೆದರಿ ಸರಪಳಿ ಹಾಕಿಸಿದ. ಮಾರನೇ ದಿನ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಮಲಗಿತ್ತು. ಪಕ್ಕದ ಊರಿನ ದೋಣಿಗಳು ನಮ್ಮ ಕಣ್ಣೆದುರೇ ಬಲೆ ತುಂಬಿಕೊಂಡು ಹೋದವು. ನಮ್ಮವರು ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕೈಕಟ್ಟಿ ನಿಂತು ನೋಡಿದರು, ನೋಡಿ ಸಾಕಾದ ಮೇಲೆ ಕ್ಷೌರದಂಗಡಿಯ ಮುಂದೆ ಬಂದು ನಿಂತರು.

ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಊರು ನಕ್ಕಿತು. "ಅಧ್ಯಕ್ಷರೇ, ನಂಗೆ ಸೀನು ಬರೋ ಹಾಗಿದೆ, ಸರಪಳಿ ಹಾಕಿಸ್ಬಿಡಿ" ಅಂತ ಒಬ್ಬ. "ಫ್ಯಾನ್ ಹಾಕ್ಬೇಡ್ರೋ, ಬಂದರು ಮುಚ್ತಾರೆ" ಅಂತ ಇನ್ನೊಬ್ಬ. ಕತ್ತರಿ ಹೋಗಿ ಸರಪಳಿ ಅಧ್ಯಕ್ಷ ಆದ. ಅವನ ಹೆಂಡತಿಯ ತಮ್ಮ ಆಗ ತಾನೇ ಸ್ವಂತ ದೋಣಿ ಇಳಿಸಿದ್ದ. ತಾಯಿ ಇಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಅವನೂ ಬಂದು ಎಲ್ಲರೆದುರು ಹೇಳಿದ.

"ಭಾವ, ನಿಮ್ಮ ದೆಸೆಯಿಂದ ನಾನು ಜೆಟ್ಟೀಲಿ ತಲೆ ಎತ್ತೋ ಹಾಗಿಲ್ಲ."

ಈ ಊರಿನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. ಗಾಳಿ ಬರಲಿಲ್ಲ, ಎಲ್ಲರೂ ಮನೆಯಲ್ಲಿ ಉಂಡು ಮಲಗಿದರು, ಅದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಕೆಲವರು ಕ್ಷೌರಕ್ಕೆ ಬಸ್ಸು ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗತೊಡಗಿದರು. ಗೋಡೆಯಾಚೆ ಅವನು ಖಾಲಿ ಕುರ್ಚಿಯನ್ನೇ ಒರೆಸುತ್ತಿರುವುದು ನನಗೆ ಕೇಳಿಸುತ್ತಿತ್ತು.

ಮುಂದಿನ ಸಭೆಯಲ್ಲಿ ಅವನೇ ಎದ್ದು, ಇನ್ನು ಮುಂದೆ ಸರಪಳಿ ಹಾಕುವುದನ್ನು ಸದಸ್ಯರೆಲ್ಲ ಕೈ ಎತ್ತಿ ತೀರ್ಮಾನಿಸಲಿ ಅಂದ. ಎಲ್ಲರಿಗೂ ಖುಷಿಯೋ ಖುಷಿ. ಪ್ರಜಾಪ್ರಭುತ್ವ ಅಂದರೆ ಇದು ಅಂತ ಮೇಷ್ಟರು ಭಾಷಣ ಬಿಗಿದರು. ಗಾಳಿ ಬೀಸಬೇಕೋ ಬೇಡವೋ ಎಂದು ಓಟಿಗೆ ಹಾಕಿದ ಊರು ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಕೀಲಿ ಮಾತ್ರ ಅವನ ಜೇಬಿನಲ್ಲೇ ಉಳಿಯಿತು. ಅದನ್ನು ಇಟ್ಟುಕೊಳ್ಳಲು ಬೇರೆ ಯಾರೂ ಒಪ್ಪಲಿಲ್ಲ.

ಎರಡನೇ ಸಲ ಫೋನ್ ಬಂದ ದಿನ ನಾನು ಸಭಾಂಗಣದಲ್ಲೇ ಇದ್ದೆ. ಅಲ್ಲಿನ ಕಿಟಕಿಗಳಿಗೆ ಪರದೆ ಹೊಲಿಯುವ ಕೆಲಸ ನನಗೆ ಸಿಕ್ಕಿತ್ತು. ಅಳತೆಪಟ್ಟಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೆ. ಕತ್ತರಿ ವಿಷಯ ಹೇಳಿ ಕೂತ. ಈ ಸಲ ಕಚೇರಿಯವನ ಧ್ವನಿ ಬೇರೆ ಥರ ಇತ್ತು ಅಂತಲೂ ಸೇರಿಸಿದ.

"ಧ್ವನಿ ನೋಡಿ ಬಂದರು ಮುಚ್ಚೋಕಾಗುತ್ತಾ?" ಅಂದ ಕಾರ್ಖಾನೆಯ ಮಾಲೀಕ. "ಮಂಜುಗಡ್ಡೆ ತುಂಬಿಸಿಟ್ಟಿದೀನಿ. ಅದನ್ನ ಎಲ್ಲಿ ಸುರೀಲಿ?"

ಮೇಷ್ಟರು ಕನ್ನಡಕ ಒರೆಸುತ್ತ, "ಚುನಾವಣೆ ಹತ್ತಿರ ಬರ್ತಿದೆ. ಜನ ಹೋದ ಸಲದ್ದು ಇನ್ನೂ ಮರೆತಿಲ್ಲ" ಅಂದರು.

ಮೀನು ಮಾರುವ ಸದಸ್ಯೆಯೊಬ್ಬಳೇ, "ಒಂದು ದಿನ ತಾನೇ, ಹಾಕ್ಬಿಡಿ" ಅಂತ ಕೈ ಎತ್ತಿದಳು. ಉಳಿದವರು ಆಚೀಚೆ ನೋಡಿದರು, ಪಕ್ಕದವನ ಕೈ ಕೆಳಗೇ ಇರುವುದು ಕಂಡು ತಮ್ಮ ಕೈಯನ್ನೂ ಕೆಳಗೇ ಇಟ್ಟುಕೊಂಡರು.

"ಅಧ್ಯಕ್ಷರೇ, ನಿಮಗೇನನ್ಸುತ್ತೆ, ಅದನ್ನ ಹೇಳಿ" ಅಂತ ಅವಳು ಬಿಡದೆ ಕೇಳಿದಳು.

"ಸಭೆ ಹೇಗೆ ಹೇಳುತ್ತೋ ಹಾಗೆ" ಅಂದ ಕತ್ತರಿ. ಮೇಲೆ ನಿಂತಿದ್ದ ನನಗೆ ಅವನ ನೆತ್ತಿಯ ಬೆವರು ಕಾಣುತ್ತಿತ್ತು. ಸರಪಳಿ ಬೇಡ ಎಂದು ತೀರ್ಮಾನವಾಯಿತು, ಎಲ್ಲರಿಗೂ ಚಹಾ ಬಂತು.

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಅವನ ಅಂಗಡಿಯ ಕುರ್ಚಿ ಕಿರುಗುಟ್ಟಿತು. ಬಂದವನು ಬಾಮೈದ. ಸಮುದ್ರಕ್ಕೆ ಹೊರಡುವ ಮುಂಚೆ ಗಡ್ಡ ತೆಗೆಸಿಕೊಳ್ಳಲು ಬಂದಿದ್ದ. ನಾನು ತುರ್ತಿನ ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದೆ.

"ಭಾವ, ಗಾಳಿ ಬರುತ್ತೆ ಅಂತಾರಲ್ಲ, ನಿಜವಾ?"

"ಕಚೇರಿಯವರು ಹೇಳಿದಾರೆ."

"ಅವರದ್ದು ಬಿಡಿ. ನೀವೇನಂತೀರಿ? ಅವತ್ತು ನಾನು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ. ನೀವು ಬೇಡ ಅಂದ್ರೆ ಹೋಗಲ್ಲ. ಮನೇಲಿ ಅವಳೂ ಬೇಡ ಅಂತಿದಾಳೆ."

ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವ ಸದ್ದು ನಿಂತಿತು. ಈಗ ಹೇಳುತ್ತಾನೆ ಅಂದುಕೊಂಡೆ. ಹೋಗಬೇಡ ಅಂದಿದ್ದರೆ ಏನಾಗುತ್ತಿತ್ತು? ಅಧ್ಯಕ್ಷ ತನ್ನವರನ್ನು ಮಾತ್ರ ಮನೆಯಲ್ಲಿ ಕೂರಿಸಿದ ಅಂತ ಊರು ಆಡಿಕೊಳ್ಳುತ್ತಿತ್ತು. ಮತ್ತೆ ಗಾಳಿ ಬಾರದಿದ್ದರೆ ಅವನಿಗೆ ಬೀದಿಯಲ್ಲಿ ನಡೆಯುವುದೇ ಕಷ್ಟವಾಗುತ್ತಿತ್ತು.

"ಸಭೆ ತೀರ್ಮಾನ ಮಾಡಿದೆಯಪ್ಪ," ಅಂದ. "ನಾನೊಬ್ಬ ಏನು ಹೇಳ್ಲಿ."

"ಸರಿ ಹಾಗಾದ್ರೆ" ಅಂದ ಬಾಮೈದ. ಹೋಗುವಾಗ ಕನ್ನಡಿ ನೋಡಿಕೊಂಡು, ಭಾವನ ಕೈಗೆ ಇನ್ನೊಬ್ಬರ ಕೈ ಸಾಟಿಯಿಲ್ಲ ಅಂತ ಹೊಗಳಿಯೇ ಹೋದ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಬಂತು. ಜೆಟ್ಟಿಯ ಶೆಡ್ಡಿನ ತಗಡುಗಳು ಕಿತ್ತುಬಂದು ಬೀದಿಯಲ್ಲಿ ಉರುಳಾಡಿದವು. ಕತ್ತರಿ ಗಿರಾಕಿಯ ಮುಖದ ಸೋಪನ್ನೂ ಒರೆಸದೆ ಎದ್ದು ಓಡಿದ. ನಾನೂ ಹೋದೆ. ಕಲ್ಲುಗೋಡೆಯ ತುದಿಯಲ್ಲಿ ಅವನು ಕವಚಿ ಮಲಗಿದ್ದ. ನಿಂತವರನ್ನು ಗಾಳಿ ನಿಲ್ಲಗೊಡುತ್ತಿರಲಿಲ್ಲ. ದೋಣಿಗಳು ಒಂದೊಂದಾಗಿ ಗೋಡೆಗೆ ಬಡಿದುಕೊಂಡು, ಹಗ್ಗ ಹರಿದುಕೊಂಡು ಒಳಗೆ ಬಂದವು. ಪ್ರತಿ ಸಲವೂ ಅವನು ತಲೆ ಎತ್ತಿ ನೋಡಿ ಮತ್ತೆ ಮುಖ ಕೆಳಗೆ ಮಾಡುತ್ತಿದ್ದ. ಬಾಮೈದನ ದೋಣಿ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ಹೊಸ ಬಣ್ಣದ ಎರಡು ಹಲಗೆಗಳು ದಡಕ್ಕೆ ಬಂದವು. ಅವನಾಗಲಿ, ಜೊತೆಗೆ ಹೋದವರಾಗಲಿ ಸಿಗಲಿಲ್ಲ.

ಕತ್ತರಿಯನ್ನು ಯಾರೂ ದೂರಲಿಲ್ಲ. ಅದೇ ನನಗೆ ಹೇಸಿಗೆ ಹುಟ್ಟಿಸಿದ್ದು. ಸಭೆಯಲ್ಲಿ ಮೌನ ಆಚರಿಸಿದರು. ಅವನು ರಾಜೀನಾಮೆ ಕೊಡುತ್ತೇನೆ ಅಂದರೆ, "ನೀವೇನ್ ಮಾಡಿದ್ರಿ, ಎಲ್ಲರ ತೀರ್ಮಾನ ಅಲ್ವಾ" ಅಂತ ಮಾಲೀಕ ಬೆನ್ನು ತಟ್ಟಿದ. ಬಸ್ಸು ನಿಲ್ದಾಣದ ಕಡೆ ಹೋಗಿದ್ದ ಗಿರಾಕಿಗಳೆಲ್ಲ ವಾಪಸು ಬಂದು ಕುರ್ಚಿಯಲ್ಲಿ ಕೂತು, ವಿಧಿ ಅಂದರು, ಸಮುದ್ರ ಅಂದರು. ಅವನು ಹೌದಲ್ವಾ, ಹೌದಲ್ವಾ ಅನ್ನುತ್ತ ಕ್ಷೌರ ಮಾಡಿದ. ಒಬ್ಬನಾದರೂ ಕಾಲರ್ ಹಿಡಿದು ಕೇಳಲಿ ಎಂದು ಅವನು ಕಾಯುತ್ತಿದ್ದ ಅನ್ನಿಸುತ್ತದೆ.

ಕೇಳುವವಳು ಬಂದಳು. ಹೆಣ ಸಿಗದಿದ್ದರೆ, ಆ ಮನುಷ್ಯ ಇಲ್ಲ ಅಂತ ಪುರಸಭೆಯೇ ಒಪ್ಪಬೇಕು. ಅಲ್ಲಿಯವರೆಗೆ ಮನೆಯೂ ಹೆಂಡತಿಯ ಹೆಸರಿಗೆ ಬರುವುದಿಲ್ಲ. ಅದಕ್ಕೆಂದು ಬಾಮೈದನ ಹೆಂಡತಿ ಅಂಗಡಿಗೆ ಬಂದಳು, ಜೊತೆಗೆ ಕತ್ತರಿಯ ಹೆಂಡತಿಯೂ ಬಂದಿದ್ದಳು. ಅದುವರೆಗೆ ಗಂಡನ ಅಂಗಡಿಯ ಮೆಟ್ಟಿಲು ಹತ್ತಿದವಳೇ ಅಲ್ಲ ಅವಳು.

"ಅಣ್ಣಾ, ಸಭೇಲಿ ಒಪ್ಕೊಂಡ್ರೆ ನಂಗೊಂದು ದಾರಿ ಆಗುತ್ತೆ" ಅಂದಳು ಬಾಮೈದನ ಹೆಂಡತಿ.

"ಸಭೆ ಮುಂದೆ ಇಡ್ತೀನಮ್ಮ."

"ಸಭೆ ಹಾಗಿರ್ಲಿ," ಅಂತ ಅವನ ಹೆಂಡತಿ ನಡುವೆ ಬಾಯಿ ಹಾಕಿದಳು. "ಭಾವನ್ನ ಕೇಳ್ಕೊಂಡು ಹೋಗ್ತೀನಿ ಅಂತ ಇವಳಿಗೆ ಹೇಳಿ ಹೊರಟಿದ್ನಂತೆ. ಬಂದಿದ್ನಾ?"

"ಬಂದಿದ್ದ."

"ಕೇಳಿದ್ನಾ?"

"ಕೇಳಿದ."

"ಏನಂದ್ರಿ?"

ಅವನು ತಾನು ಅಂದದ್ದನ್ನು ಒಂದಕ್ಷರವೂ ಬಿಡದೆ ಹೇಳಿದ. ನನ್ನ ಮೆಷಿನ್ನಿನ ಮೇಲೆ ನನ್ನ ಕಾಲು ಹಾಗೇ ನಿಂತಿತ್ತು.

"ನಿಮ್ಮ ಮನಸ್ಸಲ್ಲಿ ಏನಿತ್ತು?"

"ಹೋಗ್ಬೇಡ ಅನ್ನೋಣ ಅಂತಿತ್ತು."

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅಷ್ಟು ಹೇಳೋಕೆ ಯಾರ ಓಟು ಬೇಕಿತ್ತು ನಿಮಗೆ?" ಅಂದಳು.

ನಾನು ಬಾಗಿಲಿಗೆ ಬಂದು ನೋಡಿದೆ. ಅವಳು ತಮ್ಮನ ಹೆಂಡತಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದು, ತನ್ನ ಮನೆಯ ತಿರುವು ದಾಟಿ, ತಮ್ಮನ ಮನೆಯ ಕಡೆಗೆ ನಡೆದಳು. ಅಲ್ಲಿಂದ ಅವಳು ವಾಪಸು ಬಂದಿಲ್ಲ. ಅವನೂ ಕರೆಯಲು ಹೋಗಿಲ್ಲ.