ಕ್ಯಾಲೆಂಡರ್ ಸ್ಪಷ್ಟ, ದೊಡ್ಡವ್ವ ಮಸುಕು

ಮಸ್ಕಿಯ ದೊಡ್ಡವ್ವನಿಗೆ ಹನ್ನೊಂದು ಹಲ್ಲು ಉಳಿದಿದ್ದವು, ಹನ್ನೊಂದೂ ಅಲ್ಲಾಡುತ್ತಿದ್ದವು. ಅವನ್ನೆಲ್ಲ ಕೀಳಿಸಲು ಲಿಂಗಸುಗೂರಿನ ಹಲ್ಲಿನ ಡಾಕ್ಟರು ಸೋಮವಾರ ಬರಹೇಳಿದ್ದರು. ಸ್ವಂತ ಹಲ್ಲಿರುವಾಗಲೇ ಒಂದು ಒಳ್ಳೆಯ ಫೋಟೋ ಆಗಬೇಕು ಎಂಬುದು ಅವಳ ಹಟ. ದೊಡ್ಡಪ್ಪ ತೀರಿಕೊಂಡಾಗ ಬೇರೆ ಫೋಟೋ ಸಿಗದೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೆವು. ಅದರಲ್ಲಿ ಅವರು ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ.

ಫೋಟೋದ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಹತ್ತಿರ ಕ್ಯಾಮೆರಾ ಇದೆ ಎಂಬ ಒಂದೇ ಕಾರಣಕ್ಕೆ. ಹಟ್ಟಿ ಗಣಿಯಿಂದ ನಿವೃತ್ತರಾದ ಒಬ್ಬರಿಂದ ಬಂದ ಹಳೆಯ ಫಿಲ್ಮ್ ಕ್ಯಾಮೆರಾ ಅದು. ಒಂದರ ಮೇಲೊಂದು ಎರಡು ಲೆನ್ಸ್. ಮೇಲಿನದು ನೋಡಲು, ಕೆಳಗಿನದು ಫೋಟೋ ತೆಗೆಯಲು. ಬಾವಿ ಇಣುಕುವಂತೆ ಬಗ್ಗಿ, ಮೇಲಿನ ಮಸುಕು ಗಾಜಿನಲ್ಲಿ ಬಿಂಬ ಸ್ಪಷ್ಟವಾಗುವವರೆಗೆ ಪಕ್ಕದ ಗುಂಡಿ ತಿರುವಬೇಕು. ಒಂದು ರೋಲಿಗೆ ಹನ್ನೆರಡೇ ಫೋಟೋ. ತೊಳೆಸಲು ಬೆಂಗಳೂರಿಗೆ ಕೊರಿಯರ್ ಮಾಡಬೇಕು, ಹದಿನೈದು ದಿನ ಕಾಯಬೇಕು. ಚಿಂತೆ ಮಾಡುವವನಿಗೆ ಇದಕ್ಕಿಂತ ಅನುಕೂಲವಾದ ಹವ್ಯಾಸವಿಲ್ಲ.

ಮೊದಲ ರೋಲಿನ ಫೋಟೋಗಳನ್ನು ಗುರುವಾರ ಮಸ್ಕಿಗೆ ಒಯ್ದೆ. ದೊಡ್ಡವ್ವ ಒಂದೊಂದಾಗಿ ನೋಡಿದಳು. ಅವಳ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರ್ ಎಲ್ಲದರಲ್ಲೂ ಕಡೆದಿಟ್ಟ ಹಾಗೆ ಬಂದಿತ್ತು.

"ಅಮಾಸಿ ಯಾವತ್ತೈತಿ ಅನ್ನೋದು ಚಂದ ಕಾಣ್ತೈತಿ. ನಾ ಎಲ್ಲಿ ಅದೀನಲೇ ಇದರಾಗ?"

"ಇಲ್ಲೇ ಅದಿ ಬೇ, ಮುಂದ."

"ಮುಂದ ಕುಂತೀನಿ ಖರೆ, ಮಂಜಿನಾಗ ಕುಂತಂಗ ಆಗೇತಿ. ಸೋಮವಾರದೊಳಗ ಇನ್ನೊಮ್ಮಿ ತೆಗಿ. ಡಾಕ್ಟರು ನಿನ್ನ ಸಲುವಾಗಿ ನಿಂದ್ರಂಗಿಲ್ಲ."

ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಕಣ್ಣಿಗೆ ಇಳಿದಿದೆ ಎಂದು ಖಾತ್ರಿಯಾಯಿತು. ಮನೆಯಲ್ಲಿ ಹೇಳಿದರೆ ಹೆಂಡತಿ ನನ್ನ ಕನ್ನಡಕ ನೋಡಿ, "ಮೊದ್ಲು ಚಾಳೀಸು ಒರಸ್ಕೊರಿ" ಅಂದಳು. ಶುಕ್ರವಾರ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣು ಸರಿಯಿದೆ, ಕನ್ನಡಕದ ನಂಬರೂ ಸರಿಯಿದೆ ಎಂದರು. ಹಾಗಾದರೆ ತೊಂದರೆ ಮೆದುಳಿನದ್ದೇ ಎಂದುಕೊಂಡೆ.

ಶನಿವಾರ ಕ್ಯಾಮೆರಾ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಫೋಟೋ ಸ್ಟುಡಿಯೋಕ್ಕೆ ಹೋದೆ. ಅದರ ಮಾಲೀಕರು ಮೊದಲು ಇಂಥದೇ ಕ್ಯಾಮೆರಾದಲ್ಲಿ ಮದುವೆ ಫೋಟೋ ತೆಗೆದವರು, ಈಗ ಪಾಸ್‌ಪೋರ್ಟ್ ಫೋಟೋ ಮತ್ತು ಝೆರಾಕ್ಸ್. ಹನ್ನೆರಡೂ ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಹರಡಿದರು.

"ಕೈ ಅಲ್ಲಾಡಿಲ್ರೀ ಸರ. ಅಲ್ಲಾಡಿದ್ರ ಕ್ಯಾಲೆಂಡರೂ ಅಲ್ಲಾಡತಿತ್ತು. ಕಣ್ಣಿಂದೂ ತಪ್ಪಲ್ಲ. ಕಣ್ಣಿನ ತಪ್ಪಾದ್ರ ಫೋಕಸ್ಸು ಒಮ್ಮಿ ಮುಂದ ಹೋಗತೈತಿ, ಒಮ್ಮಿ ಹಿಂದ. ನಿಮ್ಮವು ಹನ್ನೆರಡಕ್ಕ ಹನ್ನೆರಡೂ ಹಿಂದ."

"ಅಂದ್ರ ನನ್ನ ತಪ್ಪಲ್ಲ?"

"ಅಷ್ಟು ಲಗೂನ ಖುಷಿ ಆಗಬ್ಯಾಡ್ರಿ."

ಬಾಗಿಲಿಗೆ ಕರೆದೊಯ್ದು ದೂರದ ನೀರಿನ ಟ್ಯಾಂಕು ತೋರಿಸಿದರು. ಗುಂಡಿಯನ್ನು ಕೊನೆಯವರೆಗೆ ತಿರುವಿದರೂ ಗಾಜಿನಲ್ಲಿ ಟ್ಯಾಂಕು ಸ್ಪಷ್ಟವಾಗಲಿಲ್ಲ. ಇದನ್ನು ನಾನು ಎರಡು ತಿಂಗಳಿಂದ ನೋಡುತ್ತಿದ್ದೆ, ಗದ್ದೆ ಕಡೆಯ ಧೂಳು ಅಂದುಕೊಂಡಿದ್ದೆ. ಆಮೇಲೆ ಕ್ಯಾಮೆರಾದ ಹಿಂಬದಿ ತೆರೆದು, ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರ್ ತೆರೆದೇ ಇಟ್ಟರು. ಮೇಜಿನ ಉದ್ದಕ್ಕೂ ದರ್ಜಿಯ ಟೇಪು ಹಾಸಿದರು. ಮೇಲಿನ ಗಾಜಿನಲ್ಲಿ ನಾನು ಇಪ್ಪತ್ತನೇ ಇಂಚನ್ನು ಸ್ಪಷ್ಟ ಮಾಡಿದೆ. ಹಿಂದಿನ ಹಾಳೆಯ ಮೇಲೆ, ತಲೆಕೆಳಗಾಗಿ, ಸ್ಪಷ್ಟವಾಗಿದ್ದದ್ದು ಇಪ್ಪತ್ತಾರನೇ ಇಂಚು. ನೋಡುವ ಲೆನ್ಸು ಒಂದು ಹೇಳುತ್ತಿತ್ತು, ತೆಗೆಯುವ ಲೆನ್ಸು ಇನ್ನೊಂದು ಮಾಡುತ್ತಿತ್ತು.

ಅವರು ಮೇಲಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದರು. ಮೂಲೆಯಲ್ಲಿ ಬಿಳಿ ಪುಡಿ ಇತ್ತು. ಬೆರಳಿಗೆ ಹಚ್ಚಿ ಮೂಸಿದರು.

"ವಿಭೂತಿ ಏನ್ರೀ ಇದು?"

ಹೌದು. ಮಹಾನವಮಿಯ ದಿನ ನಮ್ಮ ಮನೆಯಲ್ಲಿ ಬೈಕು, ಮಿಕ್ಸಿ, ಹೊಲಿಗೆ ಯಂತ್ರದ ಸಾಲಿನಲ್ಲಿ ಕ್ಯಾಮೆರಾವನ್ನೂ ಇಟ್ಟು, ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಗೆರೆ ಎಳೆದಿದ್ದರು. ಒಣಗಿದ ವಿಭೂತಿ ಉದುರಿ ಒಳಗೆ ಬಿದ್ದಿತ್ತು. ಆ ಪುಡಿ ಲೆನ್ಸನ್ನು ತಿಂದುಹಾಕೀತೆಂದು ಹೆದರಿ ನಾನೇ ಮೇಲಿನ ಮಸುಕು ಗಾಜು ಬಿಚ್ಚಿ, ಸೋಪು ಹಚ್ಚಿ ತೊಳೆದು, ಮತ್ತೆ ಕೂರಿಸಿದ್ದೆ.

"ಬೋರಲು ಕುಂದ್ರಿಸೀರಿ," ಅಂದರು. ಗಾಜಿನ ಒರಟು ಮೈ ಕೆಳಗಿರಬೇಕಂತೆ, ಬಿಂಬ ಮೂಡುವುದು ಅದರ ಮೇಲೆ. ನಾನು ಅದನ್ನು ಮೇಲೆ ಮಾಡಿದ್ದೆ. ಗಾಜಿನ ದಪ್ಪದಷ್ಟು ಲೆಕ್ಕ ತಪ್ಪಿ ದೊಡ್ಡವ್ವನ ಮುಖ ಹೋಗಿ ಗೋಡೆ ಬಂದಿತ್ತು. ಗಾಜು ತಿರುವಿ ಹಾಕಿದರು. ಟ್ಯಾಂಕು ಸ್ಪಷ್ಟವಾಯಿತು, ಏಣಿಯ ಮೆಟ್ಟಿಲು ಎಣಿಸಬಹುದಾಗಿತ್ತು. ವಿಭೂತಿ ಹಚ್ಚಿದ್ದು ಹೆಂಡತಿ, ಗಾಜು ಬಿಚ್ಚಿದ್ದು ನಾನು. ಮನೆಯಲ್ಲಿ ಈ ವಿಷಯ ತೆಗೆಯಲಿಲ್ಲ.

ಭಾನುವಾರ ಮಸ್ಕಿಯಲ್ಲಿ ದೊಡ್ಡವ್ವ ಅದೇ ಕುರ್ಚಿಯಲ್ಲಿ, ಬಾಯಿ ಬಿಗಿಯಾಗಿ ಮುಚ್ಚಿ ಕೂತಳು.

"ಒಂಚೂರು ನಗು ಬೇ. ಹಲ್ಲು ಕಾಣ್ಬೇಕಲ್ಲ."

"ಸುಮ್ನ ತೆಗಿ."

ಹನ್ನೆರಡರಲ್ಲೂ ಬಾಯಿ ಮುಚ್ಚಿಯೇ ಇತ್ತು. ಹಲ್ಲಿಗಾಗಿ ಇಷ್ಟೆಲ್ಲ ಓಡಾಡಿ ಹಲ್ಲಿಲ್ಲದ ಫೋಟೋ ತೆಗೆದೆನಲ್ಲ ಎಂಬ ಚಿಂತೆಯೂ, ಗಾಜು ದಾರಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಜರುಗಿರಬಹುದೇ ಎಂಬ ಚಿಂತೆಯೂ ಸೇರಿ ಎರಡು ವಾರ ಚೆನ್ನಾಗಿ ಕಳೆದವು. ಸೋಮವಾರವೇ ಹನ್ನೊಂದೂ ಹಲ್ಲು ಹೋಗಿದ್ದವು.

ಫೋಟೋ ಬಂದಾಗ ಹುಬ್ಬಿನ ಕೂದಲು ಒಂದೊಂದೂ ಬಿಡಿಸಿ ಕಾಣುತ್ತಿತ್ತು. ದೊಡ್ಡವ್ವ ಬೊಚ್ಚು ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನೋಡಿದಳು.

"ಹಲ್ಲೇ ಕಾಣವಲ್ಲವು ನೋಡು," ಅಂದೆ.

"ಹಲ್ಲು ಯಾರಿಗಿ ತೋರಸ್ಬೇಕಾಗೇತಲೇ? ತುಟಿ ಒಳಗ ಹೋಗಬಾರ್ದು, ಬಾಯಿ ತುಂಬಿರ್ಬೇಕು, ಅಷ್ಟ. ಬರೋಬ್ಬರಿ ಬಂದೈತಿ."

ಟ್ರಂಕು ತೆಗೆದು ಎರಡು ಇಳಕಲ್ ಸೀರೆಗಳ ನಡುವೆ ಫೋಟೋ ಇಟ್ಟು, ಬೀಗ ಹಾಕಿದಳು.

"ಕೀಲಿ ಎಲ್ಲಿ ಇಡ್ತೀನಂತ ನೋಡ್ಕೊಂಡು ಹೋಗು."

ನೋಡಿಕೊಂಡೆ.